ಮೊಣಕೈಯ ಲೆಕ್ಕವೇ ಬೇರೆ

ಹೂ ಮಾರುವ ಅಜ್ಜಿ ಮಲ್ಲಿಗೆ ಅಳೆಯುವುದನ್ನು ನೋಡಿದ್ದೀರಲ್ಲ ಮಕ್ಕಳೇ? ಅವರ ಬುಟ್ಟಿಯಲ್ಲಿ ಸ್ಕೇಲೂ ಇರುವುದಿಲ್ಲ, ಟೇಪೂ ಇರುವುದಿಲ್ಲ. ದಂಡೆಯ ತುದಿಯನ್ನು ನಡುಬೆರಳಲ್ಲಿ ಹಿಡಿದು ಮೊಣಕೈವರೆಗೆ ಎಳೆದರೆ ಒಂದು ಮೊಳ. ಹಳಬರ ಬಾಯಲ್ಲಿ ಮೊಣಕೈ ಇಂದಿಗೂ ಮೊಳಕೈ. ಹೂವು, ಬಟ್ಟೆ, ಹಗ್ಗ ಎಲ್ಲವನ್ನೂ ಅಳೆದ ಕೈ ಅದು. ಈ ವಾರ ಆ ಕೀಲಿನ ಬಗ್ಗೆಯೇ ನಾಲ್ಕು ಮಾತು ಬರೆಯುತ್ತೇನೆ. ಅದರಲ್ಲೂ ಚಿಕ್ಕ ಮಕ್ಕಳು ಬಿದ್ದಾಗ ಅಲ್ಲಿ ಆಗುವ ಒಂದು ಬಗೆಯ ಮುರಿತದ ಬಗ್ಗೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಬಿ.ಕಾಂ. ಮುಗಿಸಿ ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು, ಲೆಡ್ಜರಿನಲ್ಲಿ ಕೂಡಿ ಕಳೆದು ನಿವೃತ್ತನಾದವನು. ಮೊಮ್ಮಗಳ ಕೈಯಿಂದಾಗಿ ಈ ವಿಷಯವನ್ನು ಹತ್ತಿರದಿಂದ ನೋಡಬೇಕಾಯಿತು. ಡಾಕ್ಟರಮ್ಮನನ್ನು ಕೇಳಿ ಕೇಳಿ ತಿಳಿದುಕೊಂಡೆ, ಆಮೇಲೆ ಓದಿ ಖಚಿತಪಡಿಸಿಕೊಂಡೆ. ಅಪ್ಪ ಅಮ್ಮ ಆಫೀಸಿನಲ್ಲಿರುವ ಹೊತ್ತಿನಲ್ಲಿ ಪಾರ್ಕಿನಿಂದ ಅಳುತ್ತ ಬರುವ ಮಗುವನ್ನು ಮೊದಲು ನೋಡುವವರು ಅಜ್ಜಿ ತಾತಂದಿರೇ ತಾನೆ? ಆದ್ದರಿಂದ ಇದು ನಮಗೆ ಗೊತ್ತಿರಬೇಕು.

ಹಿರಿಯರ ಮಾತು ಎಲ್ಲಿಯವರೆಗೆ ನಿಜ?

"ಮಕ್ಕಳ ಮೂಳೆ ಹಸಿ ಕಡ್ಡಿ ಇದ್ದ ಹಾಗೆ. ತಾನೇ ಕೂಡಿಕೊಳ್ಳುತ್ತೆ, ಬೆಳೀತಾ ಬೆಳೀತಾ ಸೊಟ್ಟಗಿರೋದೂ ನೆಟ್ಟಗಾಗುತ್ತೆ" ಎಂಬ ಮಾತನ್ನು ಕೇಳಿ ಬೆಳೆದವರು ನಾವು. ಈ ಮಾತು ಸುಳ್ಳಲ್ಲ. ಚಿಕ್ಕ ಮಗುವಿನ ಮುಂಗೈ ಮೂಳೆ ಮಣಿಕಟ್ಟಿನ ಹತ್ತಿರ ಮುರಿದು ಸ್ವಲ್ಪ ಬಾಗಿ ಕೂಡಿಕೊಂಡರೂ, ಒಂದೆರಡು ವರ್ಷದಲ್ಲಿ ಬಾಗಿದ್ದು ಗೊತ್ತೇ ಆಗದಷ್ಟು ಸರಿಹೋಗುವುದುಂಟು. ಹೆಗಲಿನ ಮುಂದಿರುವ ಕಾಲರ್ ಮೂಳೆಯೂ ಹಾಗೆಯೇ. ಹಿಂದಿನವರು ಇದನ್ನು ಕಣ್ಣಾರೆ ಕಂಡೇ ಆ ಮಾತು ಹೇಳಿದ್ದಾರೆ.

ಆದರೆ ಮೊಣಕೈಗೆ ಈ ಮಾತು ಹೊಂದುವುದಿಲ್ಲ. ಯಾಕೆ ಎಂಬುದಕ್ಕೆ ಒಂದು ಲೆಕ್ಕವಿದೆ.

ಉದ್ದನೆಯ ಮೂಳೆಗಳು ಬಳ್ಳಿಯ ಹಾಗೆ ತುದಿಗಳಲ್ಲಿ ಬೆಳೆಯುತ್ತವೆ. ಎರಡು ತುದಿಗೂ ಒಂದೊಂದು ಉಳಿತಾಯ ಖಾತೆ ಇದೆ ಅಂದುಕೊಳ್ಳಿ. ಭುಜದಿಂದ ಮೊಣಕೈವರೆಗಿನ ಮೂಳೆಗೆ ಹ್ಯೂಮರಸ್ ಎಂದು ಹೆಸರು. ಅದು ಉದ್ದವಾಗುವುದರಲ್ಲಿ ನೂರಕ್ಕೆ ಸುಮಾರು 80 ಭಾಗ ಭುಜದ ಕಡೆಯ ಖಾತೆಯಿಂದ ಬರುತ್ತದೆ. ಮೊಣಕೈ ಕಡೆಯ ಖಾತೆಯಿಂದ ಬರುವುದು ಬರೀ 20. ಮುಂಗೈಯ ಎರಡು ಮೂಳೆಗಳಲ್ಲಿ ಬೆಳವಣಿಗೆಯ ಮುಕ್ಕಾಲು ಪಾಲು ಮಣಿಕಟ್ಟಿನ ಕಡೆಯದು. ಅಂದರೆ ಭುಜದಲ್ಲೂ ಮಣಿಕಟ್ಟಿನಲ್ಲೂ ಖಾತೆ ತುಂಬಿದೆ. ಸಣ್ಣಪುಟ್ಟ ನಷ್ಟವಾದರೆ ಬೆಳವಣಿಗೆಯೇ ಭರ್ತಿ ಮಾಡುತ್ತದೆ. ಮೊಣಕೈಯಲ್ಲಿ ಮೇಲಿನಿಂದಲೂ ಕೆಳಗಿನಿಂದಲೂ ಜಮೆ ಕಡಿಮೆ. ಅಲ್ಲಿ ಸೊಟ್ಟಗೆ ಕೂಡಿಕೊಂಡದ್ದು ಹೆಚ್ಚಾಗಿ ಸೊಟ್ಟಗೇ ಉಳಿಯುತ್ತದೆ.

ಕ್ರೀಮ್ ಬಿಸ್ಕತ್ತಿನ ಪಾಠ

ಮೂಳೆ ಬೆಳೆಯುವ ಜಾಗಕ್ಕೆ ಡಾಕ್ಟರುಗಳು ಗ್ರೋತ್ ಪ್ಲೇಟ್ ಅನ್ನುತ್ತಾರೆ. ನಾವು ಬೆಳವಣಿಗೆಯ ಪದರ ಅನ್ನೋಣ. ಅದು ಗಟ್ಟಿ ಮೂಳೆಯಲ್ಲ, ಮೃದ್ವಸ್ಥಿ. ನಿಮ್ಮ ಕಿವಿಯ ಅಂಚನ್ನು ಮಡಚಿ ನೋಡಿ, ಬಾಗುತ್ತದಲ್ಲ, ಅದೂ ಒಂದು ಜಾತಿಯ ಮೃದ್ವಸ್ಥಿ. ಬೆಳವಣಿಗೆ ಮುಗಿದ ಮೇಲೆ ಈ ಪದರ ಮೂಳೆಯಾಗಿ ಮುಚ್ಚಿಕೊಳ್ಳುತ್ತದೆ. ಮೊಣಕೈಯಲ್ಲಿ ಹುಡುಗಿಯರಿಗೆ ಹೆಚ್ಚುಕಡಿಮೆ 14 ವರ್ಷಕ್ಕೆ, ಹುಡುಗರಿಗೆ 16 ವರ್ಷಕ್ಕೆ. ಅಲ್ಲಿಯವರೆಗೆ ಇಡೀ ಮೂಳೆಯಲ್ಲಿ ದುರ್ಬಲ ಜಾಗ ಅದೇ. ಕೀಲನ್ನು ಬಿಗಿದು ಹಿಡಿಯುವ ಲಿಗಮೆಂಟ್ ಎಂಬ ನಾರಿನ ಪಟ್ಟಿಗಿಂತಲೂ ಅದು ದುರ್ಬಲ. ಆದ್ದರಿಂದಲೇ ದೊಡ್ಡವರಿಗೆ ಉಳುಕು ಆಗುವಂಥ ಪೆಟ್ಟು ಬಿದ್ದಾಗ ಮಕ್ಕಳಿಗೆ ಈ ಪದರವೇ ಬಿರಿಯಬಹುದು. ಮೊಣಕೈ ಊದಿಕೊಂಡಿದ್ದರೆ 'ಬರೀ ಉಳುಕು' ಎಂದು ಮನೆಯಲ್ಲೇ ತೀರ್ಮಾನಿಸಬಾರದು ಅನ್ನುವುದಕ್ಕೆ ಇದು ಕಾರಣ.

ಈ ಪದರದ ಮುರಿತಗಳನ್ನು ಕೆನಡಾದ ಟೊರೊಂಟೊ ನಗರದ ಸಾಲ್ಟರ್ ಮತ್ತು ಹ್ಯಾರಿಸ್ ಎಂಬ ಇಬ್ಬರು ಡಾಕ್ಟರುಗಳು 1963ರಲ್ಲಿ ಐದು ಬಗೆಯಾಗಿ ವಿಂಗಡಿಸಿದರು. ಜಗತ್ತಿನ ಡಾಕ್ಟರುಗಳು ಇಂದಿಗೂ ಅದೇ ಲೆಕ್ಕವನ್ನು ಬಳಸುತ್ತಾರೆ. ಒಂದು ಕ್ರೀಮ್ ಬಿಸ್ಕತ್ತು ತೆಗೆದುಕೊಂಡರೆ ನಿಮಗೂ ಅರ್ಥವಾಗುತ್ತದೆ. ಮೇಲಿನ ಬಿಸ್ಕತ್ತು ಮೂಳೆಯ ಕಂಬ, ಕೆಳಗಿನ ಬಿಸ್ಕತ್ತು ಕೀಲಿನ ಕಡೆಯ ತುದಿ, ನಡುವಿನ ಕ್ರೀಮ್ ಬೆಳವಣಿಗೆಯ ಪದರ. ಕ್ರೀಮಿನ ಮೇಲೆ ಬಿಸ್ಕತ್ತು ಜಾರಿದರೆ ಒಂದನೆಯ ಬಗೆ. ಜಾರುವಾಗ ಮೇಲಿನ ಬಿಸ್ಕತ್ತಿನ ಒಂದು ಚೂರನ್ನೂ ಕಿತ್ತುಕೊಂಡು ಹೋದರೆ ಎರಡನೆಯದು. ಎಲ್ಲಕ್ಕಿಂತ ಹೆಚ್ಚು ಕಾಣುವುದು ಇದು. ಕ್ರೀಮಿನ ಜೊತೆ ಕೆಳಗಿನ ಬಿಸ್ಕತ್ತು ಒಡೆದರೆ ಮೂರನೆಯದು. ಮೇಲಿನದು, ಕ್ರೀಮ್, ಕೆಳಗಿನದು ಮೂರನ್ನೂ ಸೀಳಿಕೊಂಡು ಬಿರುಕು ಹೋದರೆ ನಾಲ್ಕನೆಯದು. ಬಿಸ್ಕತ್ತು ಒಡೆಯದೆ ಕ್ರೀಮ್ ಮಾತ್ರ ಜಜ್ಜಿಹೋದರೆ ಐದನೆಯದು. ಪಾಠವಾದ ಮೇಲೆ ಬಿಸ್ಕತ್ತು ತಿಂದುಬಿಡಿ, ಅಜ್ಜಿ ಏನೂ ಅನ್ನುವುದಿಲ್ಲ.

ನಮ್ಮ ಪುಟ್ಟಿಯ ಎಕ್ಸ್-ರೇ

ಎರಡು ವರ್ಷದ ಹಿಂದಿನ ಮಾತು. ನನ್ನ ಮಗನ ಮಗಳಿಗೆ ಆಗ ಆರು ವರ್ಷ. ಬಡಾವಣೆಯ ಪಾರ್ಕಿನಲ್ಲಿ ಮಂಕಿ ಬಾರ್ ಹಿಡಿದು ನೇತಾಡುತ್ತಿದ್ದವಳು ಜಾರಿ, ಕೈ ಊರಿಕೊಂಡು ಬಿದ್ದಳು. ಹತ್ತು ನಿಮಿಷ ಅತ್ತು ಸುಮ್ಮನಾದಳು. ಆದರೆ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡೇ ಇದ್ದಳು. ಬಿಸ್ಕತ್ತು ಕೊಡಲು ಹೋದರೆ ಎಡಗೈಯನ್ನೇ ಚಾಚಿದಳು. ಮೊಣಕೈಯ ಹೊರಬದಿ ಸ್ವಲ್ಪ ಊದಿತ್ತು.

ಪಕ್ಕದ ಮನೆಯ ಹಿರಿಯರೊಬ್ಬರು ಬಂದು ನೋಡಿ, "ಉಳುಕು ಕಣ್ರೀ. ಬಿಸಿ ಎಣ್ಣೆ ಹಾಕಿ ನೀವಿಸಿ, ಬೆಳಗಾಗೋದ್ರೊಳಗೆ ಆಡ್ತಾಳೆ" ಅಂದರು. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ನನ್ನ ಸೊಸೆ ಮಾತ್ರ, "ಬೇಡ ಮಾವ, ಅವಳು ಕೈ ನೀಡ್ತಾನೇ ಇಲ್ಲ, ತೋರಿಸಿಬಿಡೋಣ" ಎಂದು ಆಟೋ ಕರೆಸಿದಳು.

ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರಮ್ಮ ಮೊದಲು ಮೊಣಕೈಯನ್ನು ಮುಟ್ಟಲೇ ಇಲ್ಲ. ಮಣಿಕಟ್ಟಿನಲ್ಲಿ ನಾಡಿ ನೋಡಿದರು. ಉಗುರನ್ನು ಒತ್ತಿ ಬಿಟ್ಟು, ಕೆಂಪು ಬಣ್ಣ ಎಷ್ಟು ಬೇಗ ತಿರುಗಿ ಬರುತ್ತದೆ ನೋಡಿದರು. ಆಮೇಲೆ, "ಪುಟ್ಟಿ, ಕಲ್ಲು ಕಾಗದ ಕತ್ತರಿ ಆಡೋಣ್ವಾ?" ಅಂದರು. ಇವಳು ಮುಷ್ಟಿ ಕಟ್ಟಿದಳು, ಬೆರಳು ಬಿಡಿಸಿದಳು, ಕತ್ತರಿ ಮಾಡಿದಳು, ಕೊನೆಗೆ ಹೆಬ್ಬೆರಳು ತೋರುಬೆರಳು ಸೇರಿಸಿ 'ಓಕೆ' ಎಂಬ ಸೊನ್ನೆ ತೋರಿಸಿದಳು. ಆಟದಂತೆ ಕಂಡರೂ ಅದು ಪರೀಕ್ಷೆ. ಮೊಣಕೈ ದಾಟಿ ಹೋಗುವ ಮೂರು ಮುಖ್ಯ ನರಗಳು ಸರಿಯಾಗಿವೆಯೇ ಎಂದು ಈ ನಾಲ್ಕು ಮುದ್ರೆಗಳಿಂದ ತಿಳಿಯುತ್ತದಂತೆ.

ಎಕ್ಸ್-ರೇ ಬಂತು. ಅದನ್ನು ನೋಡಿ ನಾನು ಗಾಬರಿಯಾದೆ. ಮೊಣಕೈಯ ಹತ್ತಿರ ಮೂಳೆಗಳ ನಡುವೆ ದೊಡ್ಡ ದೊಡ್ಡ ಖಾಲಿ ಜಾಗ, ಅಲ್ಲಲ್ಲಿ ತೇಲುವ ಚೂರುಗಳು. "ಇಷ್ಟೊಂದು ಚೂರಾಗಿದೆಯೇ ಡಾಕ್ಟ್ರೇ?" ಎಂದು ಕೇಳಿದೆ. ಅವರು ನಕ್ಕು ವಿವರಿಸಿದರು. ಎಕ್ಸ್-ರೇಯಲ್ಲಿ ಮೃದ್ವಸ್ಥಿ ಕಾಣುವುದಿಲ್ಲ. ಮಗುವಿನ ಮೊಣಕೈ ಹುಟ್ಟುವಾಗ ಬಹುಪಾಲು ಮೃದ್ವಸ್ಥಿಯೇ. ಅದರೊಳಗೆ ಆರು ಜಾಗಗಳಲ್ಲಿ ಒಂದಾದ ಮೇಲೆ ಒಂದು ಮೂಳೆಯ ಕಾಳು ಹುಟ್ಟಿ, ಕೆರೆಯಲ್ಲಿ ನಡುಗಡ್ಡೆ ಎದ್ದ ಹಾಗೆ ಕಾಣಿಸಿಕೊಳ್ಳುತ್ತದೆ. ಹೊರಬದಿಯ ಕ್ಯಾಪಿಟೆಲಮ್ ಸುಮಾರು 1 ವರ್ಷಕ್ಕೆ, ರೇಡಿಯಸ್ ಮೂಳೆಯ ತಲೆ 3ಕ್ಕೆ, ಒಳಬದಿಯ ಉಬ್ಬು 5ಕ್ಕೆ, ನಡುವಿನ ಟ್ರಾಕ್ಲಿಯಾ 7ಕ್ಕೆ, ಮೇಜಿನ ಮೇಲೆ ಊರುವ ಹಿಂದಿನ ಚೂಪು 9ಕ್ಕೆ, ಹೊರಬದಿಯ ಉಬ್ಬು 11ಕ್ಕೆ. ಒಂದು, ಮೂರು, ಐದು, ಏಳು, ಒಂಬತ್ತು, ಹನ್ನೊಂದು. ಮಗ್ಗಿಯ ಹಾಗೆ ನೆನಪಿಡಬಹುದು. ಹುಡುಗಿಯರಲ್ಲಿ ಒಂದೆರಡು ವರ್ಷ ಮೊದಲೇ ಕಾಣಬಹುದು. ವಯಸ್ಸಿನಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆದರೂ ಸರದಿ ಸಾಮಾನ್ಯವಾಗಿ ತಪ್ಪುವುದಿಲ್ಲ.

ಸರದಿ ತಪ್ಪುವುದಿಲ್ಲ ಎಂಬುದೇ ಡಾಕ್ಟರುಗಳಿಗೆ ಪತ್ತೇದಾರಿ ಕೆಲಸದಲ್ಲಿ ಸಹಾಯ ಮಾಡುತ್ತದೆ. ಒಂದು ಎಕ್ಸ್-ರೇಯಲ್ಲಿ ನಾಲ್ಕನೆಯದಾದ ಟ್ರಾಕ್ಲಿಯಾದ ಜಾಗದಲ್ಲಿ ಕಾಳು ಕಾಣುತ್ತಿದೆ, ಆದರೆ ಮೂರನೆಯದಾದ ಒಳಬದಿಯ ಉಬ್ಬು ತನ್ನ ಜಾಗದಲ್ಲಿ ಇಲ್ಲ ಎಂದುಕೊಳ್ಳಿ. ಮೂರನೆಯದು ಬರದೆ ನಾಲ್ಕನೆಯದು ಬರುವುದು ಹೇಗೆ? ಅಲ್ಲಿ ಕಾಣುವುದು ಟ್ರಾಕ್ಲಿಯಾ ಅಲ್ಲದೇ ಇರಬಹುದು. ಕಿತ್ತುಬಂದ ಒಳಬದಿಯ ಉಬ್ಬು ಕೀಲಿನೊಳಗೆ ಸಿಕ್ಕಿಕೊಂಡಿರಬಹುದು. ಬ್ಯಾಂಕಿನಲ್ಲಿ ವೋಚರಿನ ಸಂಖ್ಯೆ ತಪ್ಪಿದರೆ ಕಳೆದದ್ದನ್ನು ಹುಡುಕುತ್ತಿದ್ದೆವಲ್ಲ, ಹಾಗೆ.

ನಮ್ಮ ಪುಟ್ಟಿಯ ಎಕ್ಸ್-ರೇಯಲ್ಲಿ ಕಂಡ ಗಾಯ ಮಾತ್ರ ಬಹಳ ಚಿಕ್ಕದು. ಹ್ಯೂಮರಸ್‌ನ ಹೊರಬದಿಯಲ್ಲಿ ಉಗುರು ಕತ್ತರಿಸಿದಷ್ಟು ತೆಳ್ಳಗಿನ ಒಂದು ಎಸಳು. ಜೊತೆಗೆ ಮೊಣಕೈಯ ಹಿಂದುಗಡೆ ಒಂದು ಕಪ್ಪು ನೆರಳು. ಕೀಲಿನೊಳಗೆ ರಕ್ತ ತುಂಬಿ ಅಲ್ಲಿನ ಕೊಬ್ಬಿನ ಪದರವನ್ನು ಹೊರಕ್ಕೆ ತಳ್ಳಿದಾಗ ಆ ನೆರಳು ಕಾಣುತ್ತದೆ. ಬಿರುಕು ಕಣ್ಣಿಗೆ ಬೀಳದಿದ್ದರೂ ಆ ನೆರಳಿದ್ದರೆ ಡಾಕ್ಟರು ಮುರಿತವನ್ನೇ ಅನುಮಾನಿಸುತ್ತಾರೆ.

"ಕಾಣ್ತಿರೋದು ಎಸಳು ಮಾತ್ರ. ಅದರ ಹಿಂದೆ ಕಾಣದ ಮೃದ್ವಸ್ಥಿ ದೊಡ್ಡದಿದೆ. ಕೀಲಿನ ಹೊರ ಅರ್ಧವೇ ಬೇರೆಯಾಗಿರಬಹುದು" ಅಂದರು. ಇದಕ್ಕೆ ಲ್ಯಾಟರಲ್ ಕಾಂಡೈಲ್ ಮುರಿತ ಎಂದು ಹೆಸರು. ಮಕ್ಕಳ ಮೊಣಕೈಯಲ್ಲಿ ಅತಿ ಸಾಮಾನ್ಯ ಮುರಿತ ಕೀಲಿಗಿಂತ ಸ್ವಲ್ಪ ಮೇಲೆ ಆಗುವಂಥದ್ದು, ಅದು ಬೆಳವಣಿಗೆಯ ಪದರವನ್ನು ಮುಟ್ಟುವುದಿಲ್ಲ. ಎರಡನೆಯ ಸ್ಥಾನ ಇದಕ್ಕೆ, ಮತ್ತು ಇದು ಪದರವನ್ನು ಸೀಳಿಕೊಂಡು ಕೀಲಿನವರೆಗೆ ಹೋಗುತ್ತದೆ. ಬಿಸ್ಕತ್ತಿನ ಲೆಕ್ಕದಲ್ಲಿ ಇದನ್ನು ಸಾಮಾನ್ಯವಾಗಿ ನಾಲ್ಕನೆಯ ಬಗೆಗೆ ಸೇರಿಸುತ್ತಾರೆ.

ಎರಡು ಮಿಲಿಮೀಟರಿನ ಜಗಳ

ಡಾಕ್ಟರಮ್ಮ ಕೈಯನ್ನು ಓರೆಯಾಗಿ ಇರಿಸಿ ಇನ್ನೊಂದು ಎಕ್ಸ್-ರೇ ತೆಗೆಸಿದರು. ಈ ಮುರಿತದ ಬಿರುಕು ಎಷ್ಟು ಅಗಲ ಎಂಬುದು ಓರೆ ಚಿತ್ರದಲ್ಲೇ ಚೆನ್ನಾಗಿ ತಿಳಿಯುವುದು. ಶಾಲೆಯ ಸ್ಕೇಲಿನಲ್ಲಿ ಸಣ್ಣ ಗೆರೆಗಳ ನಡುವಿನ ಎರಡು ಮನೆಗಳ ಅಗಲ ನೋಡಿ ಮಕ್ಕಳೇ, ಅದು 2 ಮಿಲಿಮೀಟರ್. ಬಿರುಕು ಅದಕ್ಕಿಂತ ಕಡಿಮೆ ಇದ್ದರೆ ತೋಳಿನ ಮೇಲಿನಿಂದ ಅಂಗೈವರೆಗೆ ಪ್ಲಾಸ್ಟರ್ ಸಾಕು. ಅದಕ್ಕಿಂತ ಹೆಚ್ಚಿದ್ದರೆ ಅರಿವಳಿಕೆ ಕೊಟ್ಟು, ಚೂರನ್ನು ಜಾಗಕ್ಕೆ ಕೂರಿಸಿ, ತೆಳುವಾದ ಸ್ಟೀಲ್ ಕಡ್ಡಿಗಳಿಂದ ಹಿಡಿಸಬೇಕಾಗುತ್ತದೆ. ಚೂರು ತೀರಾ ಸರಿದಿದ್ದರೆ ಅಥವಾ ಮಗುಚಿಕೊಂಡಿದ್ದರೆ ತೆರೆದೇ ಕೂರಿಸಬೇಕು. ಪುಟ್ಟಿಯದು 2 ಮಿಲಿಮೀಟರಿಗಿಂತ ಒಳಗೇ ಇತ್ತು. ಪ್ಲಾಸ್ಟರ್ ಹಾಕಿ, "ಏಳನೇ ದಿನ ತಪ್ಪದೇ ಬರಬೇಕು, ಮತ್ತೆ ಎಕ್ಸ್-ರೇ ತೆಗೀಬೇಕು" ಎಂದು ಎರಡು ಸಲ ಹೇಳಿ ಕಳಿಸಿದರು.

ಏಳನೆಯ ದಿನ ಪುಟ್ಟಿ ಪ್ಲಾಸ್ಟರಿನ ಮೇಲೆ ಚಿತ್ರ ಬರೆದುಕೊಂಡು ಖುಷಿಯಾಗಿದ್ದಳು. ನೋವಿಲ್ಲ, ಜ್ವರವಿಲ್ಲ. "ಆಡ್ಕೊಂಡಿದೆ ಮಗು, ಮತ್ತೆ ಯಾಕೆ ಎಕ್ಸ್-ರೇ, ಯಾಕೆ ಖರ್ಚು?" ಎಂದು ಮನೆಗೆ ಬಂದವರು ಕೇಳಿದರು. ಆದರೂ ಹೋದೆವು. ಚಿತ್ರದಲ್ಲಿ ಬಿರುಕು ಅಗಲವಾಗಿತ್ತು, ಮೂರು ಮಿಲಿಮೀಟರ್. ಮರುದಿನವೇ ಎರಡು ಕಡ್ಡಿ ಹಾಕಿದರು.

ಪ್ಲಾಸ್ಟರಿನೊಳಗೆ ಮೂಳೆ ಹೇಗೆ ಸರಿಯಿತು? ನಾನೂ ಇದನ್ನೇ ಕೇಳಿದೆ. ಮುಂಗೈಯನ್ನು ಹಿಂದಕ್ಕೆ ಎತ್ತುವ ಸ್ನಾಯುಗಳು ಆ ಚೂರಿಗೇ ಅಂಟಿಕೊಂಡಿವೆ. ಅವು ಅದನ್ನು ಎಳೆಯುತ್ತಲೇ ಇರುತ್ತವೆ. ಕೀಲಿನೊಳಗಿನ ದ್ರವ ಬಿರುಕಿಗೆ ನುಗ್ಗಿ ಬೆಸುಗೆಯನ್ನು ತಡಮಾಡುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಮಗು ಅಳದೇ ಇರುವುದು ಮೂಳೆ ಕೂಡಿಕೊಂಡಿತು ಎಂಬುದಕ್ಕೆ ರಸೀದಿಯಲ್ಲ. ಸರಿದದ್ದು ಮೊದಲ ವಾರದಲ್ಲೇ ಗೊತ್ತಾದರೆ ಸರಿಪಡಿಸುವುದು ಸುಲಭ. ಮೂರು ವಾರ ದಾಟಿದರೆ ಬಹಳ ಕಷ್ಟ, ಆ ಚೂರಿಗೆ ಹಿಂದುಗಡೆಯಿಂದ ಬರುವ ರಕ್ತನಾಳಗಳಿಗೆ ಆಗ ಅಪಾಯ ಹೆಚ್ಚು.

ನಾಲ್ಕು ವಾರದ ನಂತರ ಹೊರರೋಗಿ ವಿಭಾಗದಲ್ಲೇ ಕಡ್ಡಿ ಎಳೆದು ತೆಗೆದರು. ಎರಡೇ ಕ್ಷಣದ ಕೆಲಸ. ಪುಟ್ಟಿಗಿಂತ ನನ್ನ ಹೆಂಡತಿಯೇ ಹೆಚ್ಚು ಅತ್ತಳು. ಮೂರು ತಿಂಗಳಲ್ಲಿ ಮೊಣಕೈ ಪೂರ್ತಿ ನೀಡುವ ಹಾಗಾಯಿತು. ಆಮೇಲೂ ಎರಡು ವರ್ಷ ಆಗಾಗ ಕರೆಸಿ ಎರಡೂ ಕೈಗಳ ಓರೆಕೋರೆ ಹೋಲಿಸಿ ನೋಡಿದರು. ಪದರಕ್ಕೆ ಪೆಟ್ಟಾದರೆ ಅಲ್ಲಿ ಮೂಳೆಯ ಸೇತುವೆ ಬೆಳೆದು ಒಂದು ಬದಿ ಬೆಳೆಯುವುದು ನಿಲ್ಲಬಹುದು, ಅದಕ್ಕೇ ಈ ಕಾವಲು. ಹೋದ ತಿಂಗಳು ನೋಡಿದಾಗ ಎರಡೂ ಕೈ ಸರಿಸಮ.

ನೋಟು ಎಣಿಸಲಾಗದ ಕೈ

ಎರಡು ಮಿಲಿಮೀಟರಿಗೆ ಇಷ್ಟೆಲ್ಲ ಯಾಕೆ ಎಂದು ನಿಮಗೆ ಅನ್ನಿಸಬಹುದು. 1980ರ ದಶಕದಲ್ಲಿ ನನ್ನ ಜೊತೆ ಒಬ್ಬ ಕ್ಯಾಷಿಯರ್ ಇದ್ದರು. ಆಗ ನೋಟು ಎಣಿಸುವ ಯಂತ್ರ ನಮ್ಮ ಶಾಖೆಗೆ ಬಂದಿರಲಿಲ್ಲ, ಎಲ್ಲ ಕೈಯಲ್ಲೇ. ಅವರ ಎಡ ಮೊಣಕೈ ಹೊರಕ್ಕೆ ಬಾಗಿತ್ತು. ಏಳನೆಯ ವಯಸ್ಸಿನಲ್ಲಿ ಸೀಬೆಮರದಿಂದ ಬಿದ್ದರಂತೆ. ಉಳುಕು ಎಂದು ನೀವಿ, ಬಟ್ಟೆ ಕಟ್ಟಿ ಬಿಟ್ಟಿದ್ದರು. ಸೊಟ್ಟಗಿದ್ದರೂ ಮೂವತ್ತು ವರ್ಷ ಏನೂ ತೊಂದರೆ ಇರಲಿಲ್ಲ. ನಲವತ್ತರ ಹತ್ತಿರ ಬಂದಾಗ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯತೊಡಗಿದವು. ಆಮೇಲೆ ಕಂತೆಯನ್ನು ಹಿಡಿದರೆ ಜಾರುತ್ತಿತ್ತು. ಹೆಬ್ಬೆರಳು ತೋರುಬೆರಳ ನಡುವಿನ ಮಾಂಸ ಕರಗಿ ಕುಳಿ ಬಿತ್ತು. ಅಷ್ಟು ಚುರುಕಾಗಿ ನೋಟು ಎಣಿಸುತ್ತಿದ್ದವರು ಕ್ಯಾಷ್ ಬಿಟ್ಟು ಬೇರೆ ಮೇಜಿಗೆ ಹೋಗಬೇಕಾಯಿತು.

ಅವರಿಗೆ ಆದದ್ದು ಏನು ಎಂದು ನನಗೆ ಅರ್ಥವಾದದ್ದು ಪುಟ್ಟಿಯ ಡಾಕ್ಟರು ಹೇಳಿದ ಮೇಲೆ. ಹೊರಬದಿಯ ಚೂರು ಕೂಡಿಕೊಳ್ಳದೇ ಉಳಿದರೆ ಕೈ ಬೆಳೆಯುತ್ತ ಹೊರಕ್ಕೆ ಬಾಗುತ್ತದೆ. ಒಳಬದಿಯಲ್ಲಿ, ಮೊಣಕೈ ಗೋಡೆಗೆ ತಾಗಿದಾಗ ಝುಮ್ಮೆನ್ನುತ್ತದಲ್ಲ, ಆ ಅಲ್ನಾರ್ ನರ ಇದೆ. ಬಾಗಿದ ಮೊಣಕೈ ಸುತ್ತ ಅದು ವರ್ಷಗಟ್ಟಲೆ ಎಳೆದುಕೊಂಡೇ ಇರುತ್ತದೆ. ಕೊನೆಗೊಂದು ದಿನ ಸೋಲುತ್ತದೆ. ಬಾಲ್ಯದ ಬಾಕಿ ನಲವತ್ತರಲ್ಲಿ ವಸೂಲಿಗೆ ಬರುತ್ತದೆ.

ಇನ್ನೂ ಚಿಕ್ಕವರು, ಸ್ವಲ್ಪ ದೊಡ್ಡವರು

ಎರಡು ಮೂರು ವರ್ಷದ ಒಳಗಿನ ಮಗುವಿನಲ್ಲಿ ಹ್ಯೂಮರಸ್‌ನ ಕೆಳತುದಿ ಪೂರ್ತಿಯಾಗಿ ಪದರದ ಮೇಲೆ ಜಾರಬಹುದು. ಎಕ್ಸ್-ರೇಯಲ್ಲಿ ಅದು ಕೀಲು ತಪ್ಪಿದಂತೆ ಕಾಣುತ್ತದೆ. ಆದರೆ ಅಷ್ಟು ಚಿಕ್ಕವರಲ್ಲಿ ಮೊಣಕೈ ಕೀಲು ತಪ್ಪುವುದು ಬಹಳ ಅಪರೂಪ ಎಂದು ಬಲ್ಲ ಡಾಕ್ಟರು ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ ಖಚಿತಪಡಿಸಿಕೊಳ್ಳುತ್ತಾರೆ. ಇಂಥ ಗಾಯಕ್ಕೆ ಕೈಯನ್ನು ಯಾರೋ ಬಲವಾಗಿ ತಿರುಚಿದ್ದೂ ಕಾರಣವಾಗಿರಬಹುದು. 'ಹೇಗಾಯ್ತು, ಯಾರಿದ್ದರು' ಎಂದು ಡಾಕ್ಟರು ಮತ್ತೆ ಮತ್ತೆ ಕೇಳಿದರೆ ಹಿರಿಯರು ಬೇಸರ ಮಾಡಿಕೊಳ್ಳಬಾರದು. ಮಾತು ಬಾರದ ಮಗುವಿನ ಪರವಾಗಿ ಅವರು ಕೇಳುತ್ತಿರುತ್ತಾರೆ.

ಒಂದರಿಂದ ನಾಲ್ಕು ವರ್ಷದ ಮಕ್ಕಳನ್ನು ಮುಂಗೈ ಹಿಡಿದು ಎತ್ತುವುದು, ಬಸ್ಸಿಗೆ ಎಳೆದು ಹತ್ತಿಸುವುದು, ಇಬ್ಬರು ಎರಡು ಕೈ ಹಿಡಿದು ಜೋಕಾಲಿ ಆಡಿಸುವುದು ನಮ್ಮಲ್ಲಿ ಸಾಮಾನ್ಯ. ಇದರಿಂದ ರೇಡಿಯಸ್ ಮೂಳೆಯ ತಲೆ ತನ್ನ ಉಂಗುರದಿಂದ ಜಾರಿಬಿಡುತ್ತದೆ. ಇದು ಮುರಿತವಲ್ಲ, ಊತವೂ ಇರುವುದಿಲ್ಲ. ಮಗು ಕೈಯನ್ನು ಜೋತುಬಿಟ್ಟುಕೊಂಡಿರುತ್ತದೆ. ಡಾಕ್ಟರು ಕ್ಷಣದಲ್ಲಿ ಕೂರಿಸುತ್ತಾರೆ. ಆದರೆ ಬಿದ್ದಿದ್ದರೆ ಅಥವಾ ಊದಿದ್ದರೆ ಇದು ಅದೇ ಎಂದು ತಿಳಿದು ಮನೆಯಲ್ಲಿ ತಿರುಚಲು ಹೋಗಬೇಡಿ. ಎತ್ತುವುದಾದರೆ ಕಂಕುಳಿಗೆ ಕೈ ಕೊಟ್ಟು ಎತ್ತಿ.

ಒಂಬತ್ತು ಹತ್ತು ವರ್ಷ ದಾಟಿ, ಕ್ರಿಕೆಟ್ ಚೆಂಡನ್ನು ಬಲವಾಗಿ ಎಸೆಯುವವರಲ್ಲಿ ಒಳಬದಿಯ ಉಬ್ಬು ಕಿತ್ತುಬರುವುದುಂಟು. ಚೆಂಡು ಎಸೆಯುವಾಗ ಒಳಬದಿ ನೋಯುತ್ತಿದ್ದರೆ ಕೋಚಿಗೂ ಮನೆಯವರಿಗೂ ಹೇಳಿ, ಕೈಗೆ ರಜೆ ಕೊಡಿ.

ಮಗು ಬಿದ್ದಾಗ ಮನೆಯಲ್ಲಿ ಮಾಡಬೇಕಾದದ್ದು

ಕೈ ಹೇಗಿದೆಯೋ ಹಾಗೆಯೇ ಇರಲಿ, ನೆಟ್ಟಗೆ ಮಾಡಲು ಹೋಗಬೇಡಿ. ಮಡಚಿದ ದಿನಪತ್ರಿಕೆ ಅಥವಾ ಚಿಕ್ಕ ದಿಂಬನ್ನು ಆಸರೆಯಾಗಿ ಇಟ್ಟು, ದುಪಟ್ಟಾ ಅಥವಾ ಟವೆಲ್ಲಿನಿಂದ ಸಡಿಲವಾಗಿ ಜೋಲಿ ಕಟ್ಟಿ. ಊತ ಏರುವ ಮೊದಲೇ ಬಳೆ, ಉಂಗುರ, ವಾಚು, ಮಣಿಕಟ್ಟಿನ ದಾರ ತೆಗೆಯಿರಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಬಹುದು. ಎಣ್ಣೆ, ನೀವುವುದು, ಶಾಖ ಯಾವುದೂ ಬೇಡ. ನೀವಿದರೆ ಚೂರು ಇನ್ನಷ್ಟು ಸರಿಯುತ್ತದೆ, ಸ್ನಾಯುವಿನೊಳಗೆ ಬೇಡದ ಮೂಳೆಯೂ ಬೆಳೆಯಬಹುದು. ಅರಿವಳಿಕೆ ಬೇಕಾಗಬಹುದಾದ್ದರಿಂದ ಡಾಕ್ಟರು ನೋಡುವವರೆಗೆ ತಿನ್ನಲು ಕುಡಿಯಲು ಕೊಡಬೇಡಿ. ಬೆರಳು ತಣ್ಣಗಾಗಿದ್ದರೆ, ಬಿಳಿಚಿದ್ದರೆ, ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ ಒಂದು ನಿಮಿಷವೂ ತಡಮಾಡದೆ 108ಕ್ಕೆ ಕರೆ ಮಾಡಿ.

ಬಿಗಿಯಾದ ಕಟ್ಟಂತೂ ಬೇಡವೇ ಬೇಡ. ಊದುತ್ತಿರುವ ಕೈಯನ್ನು ಬಿಗಿದರೆ ಮುಂಗೈಯ ಸ್ನಾಯುಗಳಿಗೆ ರಕ್ತ ಸಿಗದೆ ಕೆಲವೇ ಗಂಟೆಗಳಲ್ಲಿ ಅವು ಸಾಯತೊಡಗುತ್ತವೆ. ಆಮೇಲೆ ಬೆರಳುಗಳು ಕೊಕ್ಕೆಯಂತೆ ಮುದುಡಿ ಉಳಿದುಬಿಡುತ್ತವೆ. ಜರ್ಮನಿಯ ಫೋಕ್‌ಮನ್ ಎಂಬ ಸರ್ಜನ್ ಇದನ್ನು 1881ರಲ್ಲೇ ವಿವರಿಸಿ ಬರೆದಿದ್ದಾರೆ. ಆಸ್ಪತ್ರೆಯ ಪ್ಲಾಸ್ಟರ್ ಹಾಕಿದ ಮೇಲೂ ಈ ಎಚ್ಚರ ಇರಬೇಕು. ನೋವು ಗಂಟೆಗಂಟೆಗೂ ಏರುತ್ತಿದ್ದರೆ, ಬೆರಳನ್ನು ಮೆಲ್ಲಗೆ ನೀಡಿದರೂ ಮಗು ಚೀರಿದರೆ, ಬೆರಳು ಜೋಮು ಹಿಡಿದರೆ ಅಥವಾ ನೀಲಿಯಾದರೆ ರಾತ್ರಿ ಎಷ್ಟೇ ಹೊತ್ತಾಗಿದ್ದರೂ ಆಸ್ಪತ್ರೆಗೆ ಹೋಗಿ.

ಪ್ಲಾಸ್ಟರ್ ಇರುವಾಗ ಮಲಗುವ ಹೊತ್ತಿನಲ್ಲಿ ಕೈಯನ್ನು ದಿಂಬಿನ ಮೇಲೆ ಎತ್ತರಕ್ಕೆ ಇಡಿ. ತುರಿಕೆ ಎಂದು ಪೆನ್ಸಿಲ್, ಹೆಣಿಗೆ ಕಡ್ಡಿ ಒಳಗೆ ಹಾಕಬಾರದು. ಸ್ನಾನಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ. ಪ್ಲಾಸ್ಟರ್ ಬಿಚ್ಚಿದ ದಿನ ಮೊಣಕೈ ಬಿಗಿದಿರುವುದು ಸಹಜ. ಆಗ ಅಜ್ಜಿಯರಿಗೆ ಎಣ್ಣೆ ಬಟ್ಟಲು ನೆನಪಾಗುತ್ತದೆ. ದಯವಿಟ್ಟು ಬೇಡ, ಬಲವಂತವಾಗಿ ನೀಡಿಸುವುದೂ ಬೇಡ. ಮಗು ಊಟಕ್ಕೆ, ಬರೆಯುವುದಕ್ಕೆ, ಆಟಕ್ಕೆ ಕೈ ಬಳಸುತ್ತ ಬಳಸುತ್ತ ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ ತಾನೇ ಸಡಿಲವಾಗುತ್ತದೆ. ಹಿರಿಯರ 'ತಾನೇ ಸರಿಹೋಗುತ್ತೆ' ಎಂಬ ಮಾತು ಮೊಣಕೈಯ ಮಟ್ಟಿಗೆ ನಿಜವಾಗುವುದು ಈ ಹಂತದಲ್ಲಿ.

ಮೂಳೆ ವೈದ್ಯಕ್ಕೆ ಆರ್ಥೋಪೀಡಿಕ್ಸ್ ಎನ್ನುತ್ತಾರಲ್ಲ, ಆ ಹೆಸರನ್ನು 1741ರಲ್ಲಿ ಕೊಟ್ಟವರು ಫ್ರಾನ್ಸಿನ ನಿಕೊಲಾ ಆಂಡ್ರಿ ಎಂಬ ವೈದ್ಯರು. ಗ್ರೀಕ್ ಭಾಷೆಯ 'ನೆಟ್ಟಗೆ' ಮತ್ತು 'ಮಗು' ಎಂಬ ಎರಡು ಪದ ಸೇರಿಸಿ ಮಾಡಿದ ಹೆಸರು. ಅವರ ಪುಸ್ತಕದಲ್ಲಿ ಒಂದು ಚಿತ್ರವಿದೆ: ಸೊಟ್ಟಗೆ ಬೆಳೆಯುತ್ತಿರುವ ಎಳೆಯ ಮರ, ಪಕ್ಕದಲ್ಲಿ ನೆಟ್ಟ ಗೂಟ, ಎರಡನ್ನೂ ಸೇರಿಸಿ ಸುತ್ತಿದ ಹಗ್ಗ. ಇಂದು ಎಷ್ಟೋ ಮೂಳೆ ವೈದ್ಯರ ಸಂಘಗಳ ಲಾಂಛನ ಅದೇ. ಗಿಡ ಎಳೆಯದಿರುವಾಗಲೇ ಗೂಟ ನೆಡಬೇಕು ಎಂಬುದು ನಮ್ಮ ತೋಟದವರಿಗೂ ಗೊತ್ತಿರುವ ಮಾತು.

ಕೊನೆಯದಾಗಿ ಮಕ್ಕಳಿಗೊಂದು ಮಾತು, ದೊಡ್ಡವರಿಗೊಂದು. ಮಕ್ಕಳೇ, ಮರ ಹತ್ತಬೇಡ ಅಂದಾಗ ಹತ್ತಿ ಬಿದ್ದಿರಬಹುದು, ಅಣ್ಣನ ಸೈಕಲ್ ಕೇಳದೆ ತೆಗೆದುಕೊಂಡು ಹೋಗಿ ಬಿದ್ದಿರಬಹುದು. ಬೈಸಿಕೊಳ್ಳುವ ಹೆದರಿಕೆಗೆ ಪೂರ್ತಿ ತೋಳಿನ ಅಂಗಿ ಹಾಕಿ ಮುಚ್ಚಿಡಬೇಡಿ. ಬಿದ್ದ ದಿನವೇ, ಎಲ್ಲಿಂದ ಬಿದ್ದೆ, ಕೈ ಹೇಗೆ ಊರಿದೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿ. ಡಾಕ್ಟರಿಗೆ ಎಕ್ಸ್-ರೇಯಷ್ಟೇ ಮುಖ್ಯ ನಿಮ್ಮ ಆ ಮಾತು. ಅಜ್ಜಿ ತಾತಂದಿರೇ, ಮಗು ಹೇಳಲು ಬಂದಾಗ ಮೊದಲು ಕೈ ನೋಡೋಣ. ಬೈಗುಳ ಬೇಕಿದ್ದರೆ ಪ್ಲಾಸ್ಟರ್ ಬಿಚ್ಚಿದ ಮೇಲೆ ಬೈದರಾಯಿತು.

ಮುಂದಿನ ವಾರ ಮತ್ತೆ ಭೇಟಿಯಾಗೋಣ.